ವಿಮೆಯ ಫಾರಮ್ಮು ಮತ್ತು ನನ್ನ ರಾಂಗ್ ಸೈಡು

ಬರೆದು ಸಹಿ ಹಾಕು ಎಂದು ಯಾರಾದರೂ ಕೇಳುವವರೆಗೆ ನಮ್ಮ ಬಗ್ಗೆ ನಮಗೆ ಬಹಳ ಒಳ್ಳೆಯ ಅಭಿಪ್ರಾಯವೇ ಇರುತ್ತದೆ. ನಾನು ಹುಮನಾಬಾದಿನಲ್ಲಿ ಕನ್ನಡ ಮಾಸ್ತರ. ಇಪ್ಪತ್ತು ವರ್ಷದಿಂದ ಮಕ್ಕಳಿಂದ 'ರಸ್ತೆ ಸುರಕ್ಷತೆ' ಎಂಬ ಪ್ರಬಂಧ ಬರೆಸುತ್ತ ಬಂದವನು. ಹಾಗೆಂದು ಅದನ್ನು ಓದಿ ನಡೆದುಕೊಳ್ಳಬೇಕೆಂದು ನನಗೆಂದೂ ಹೊಳೆದಿರಲಿಲ್ಲ. ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದರಲ್ಲಿ ಫೋನು ಹಿಡಿಯುವುದು ನನ್ನ ಲೆಕ್ಕದಲ್ಲಿ ಅಪಾಯವಲ್ಲ, ಕೈಚಳಕ. ಆಯುಧಪೂಜೆಯ ದಿನ ನಾಲ್ಕು ಗಾಲಿಯ ಕೆಳಗೆ ನಾಲ್ಕು ನಿಂಬೆಹಣ್ಣು ಪಚಕ್ಕೆನ್ನಿಸಿದರೆ ಆ ವರ್ಷದ ವಿಮೆ ಮಾಡಿಸಿದಂತೆ ಎಂದೇ ನಂಬಿದ್ದೆ. ಕಂಪನಿಯ ವಿಮೆ ಇದ್ದದ್ದು ಪೊಲೀಸರಿಗೆ ತೋರಿಸಲು.

ಹೋದ ವರ್ಷ ಬಸವಕಲ್ಯಾಣದ ಮಾವನ ಮನೆಯಲ್ಲಿ ಹೋಳಿಗೆ ಊಟವಿತ್ತು. ಮೊದಲೇ ತಡವಾಗಿತ್ತು, ಪಕ್ಕದಲ್ಲಿ ಕೂತಿದ್ದ ಹೆಂಡತಿಯ ಜೊತೆ ಮಾತಿನ ಭರದಲ್ಲಿ ಹೆದ್ದಾರಿಯ ತಿರುವು ಬೇರೆ ದಾಟಿಬಿಟ್ಟೆ. ಮುಂದಿನ ತಿರುವು ದೂರ. ಇದಕ್ಕೆ ನಮ್ಮ ಕಡೆ ಒಂದು ಸುಲಭ ಉಪಾಯವಿದೆ. ಗಾಡಿ ಹೊರಳಿಸಿ, ಬದಿ ಹಿಡಿದು ಎದುರು ದಿಕ್ಕಿನಲ್ಲೇ ವಾಪಸು ಬರುವುದು. ಹಾರ್ನ್ ಹೊಡೆದರೆ ತಪ್ಪು ಅರ್ಧವಾಗುತ್ತದೆ, ಹೆಡ್‌ಲೈಟನ್ನೂ ಹಾಕಿದರೆ ಪೂರಾ ಮಾಫ್. ನಾನು ಎರಡನ್ನೂ ಮಾಡಿದೆ. ಅಷ್ಟರಲ್ಲಿ ಮಾವನ ಫೋನು, ಎಲ್ಲಿದ್ದೀರಿ ಎಂದು. ಬಂದೇಬಿಟ್ಟೆವು ಎನ್ನುವಷ್ಟರಲ್ಲಿ ನನ್ನ ಕಾರು ಒಂದು ಮೊಪೆಡ್ಡಿಗೆ ಬಡಿಯಿತು. ಹುಡಗಿ ಗ್ರಾಮದ ರೇವಣಪ್ಪ ಎಂಬ ರೈತ ಬದನೆಕಾಯಿ ಚೀಲ ಹೇರಿಕೊಂಡು, ತನ್ನ ಪಾಡಿಗೆ ತಾನು ಸರಿಯಾದ ಬದಿಯಲ್ಲಿ ಬರುತ್ತಿದ್ದ. ಅವನ ಎಡಗಾಲು ಮುರಿಯಿತು. ಬದನೆಕಾಯಿ ರಸ್ತೆ ತುಂಬ ಉರುಳಿದವು. ಆ ಗಾಬರಿಯಲ್ಲಿ ನಾನು ಬದನೆಕಾಯಿ ಆರಿಸುತ್ತಿದ್ದೆನಂತೆ. ಮನುಷ್ಯನನ್ನು ಎತ್ತಿದವಳು ನನ್ನ ಹೆಂಡತಿ ಮಹಾದೇವಿ. ಇದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಕ್ಷಮೆ ಕೇಳಲು ಆಸ್ಪತ್ರೆಗೆ ಹೋದಾಗ ರೇವಣಪ್ಪ ಬೈಯಲಿಲ್ಲ, ಚಹಾ ಆಯಿತೇನ್ರಿ ಎಂದು ವಿಚಾರಿಸಿದ. ಬೈದಿದ್ದರೆ ಚೆನ್ನಾಗಿತ್ತು.

ನನ್ನ ಲೈಸೆನ್ಸು ಮೂರು ತಿಂಗಳು ಅಮಾನತಾಯಿತು. ಅಷ್ಟರೊಳಗೆ ಮಹಾದೇವಿ ಡ್ರೈವಿಂಗ್ ಕಲಿತು ತಾನೇ ಲೈಸೆನ್ಸು ತೆಗೆಸಿಕೊಂಡಳು. ಅಮಾನತು ಮುಗಿದು ನನ್ನ ಲೈಸೆನ್ಸು ವಾಪಸು ಬಂತು, ಕಾರಿನ ಕೀಲಿ ಬರಲಿಲ್ಲ.

ಮೊನ್ನೆ ವಿಮೆ ಮಾಡಿಸಲು ಏಜೆಂಟ್ ನಾಗಶೆಟ್ಟಿ ಬಂದ. ನನ್ನ ಹಳೆಯ ವಿದ್ಯಾರ್ಥಿ, ಈಗ ತಲೆ ನರೆಯತೊಡಗಿದೆ. ಈ ಸಲ ಬೇರೆ ಕಂಪನಿ, ಅದರ ಫಾರಮ್ಮಿನಲ್ಲಿ ನೂರೆಂಟು ಪ್ರಶ್ನೆ. ಹಿಂದೆ ಅಪಘಾತವಾಗಿದೆಯೇ? ಲೈಸೆನ್ಸು ಅಮಾನತಾಗಿದೆಯೇ? ಹೌದು ಎಂದರೆ ಹೆಚ್ಚು ಅಪಾಯದ ಚಾಲಕರ ಸಾಲಿಗೆ ಸೇರಿಸುತ್ತಾರೆ, ಕಂತೂ ಏರುತ್ತದೆ ಎಂದು ವಿವರಿಸಿದ. ಆಮೇಲೆ ದನಿ ತಗ್ಗಿಸಿ, "ಇಲ್ಲ ಅಂತ ಬರೀಲೇನ್ರಿ ಸರ? ಯಾರ್ ನೋಡಾಕ ಬರ್ತಾರ?" ಎಂದ. ಕಾಪಿ ಹೊಡೆದದ್ದಕ್ಕೆ ಇದೇ ನಾಗಶೆಟ್ಟಿಯನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೆ. ಅವನಿಗೂ ಅದು ನೆನಪಾಗಿರಬೇಕು, ಪೆನ್ನನ್ನೇ ನೋಡುತ್ತ ಕೂತ. ನಿಜ ಹೇಳುತ್ತೇನೆ, ನನ್ನನ್ನು ಚುಚ್ಚಿದ್ದು ಕಂತಲ್ಲ, 'ಹೆಚ್ಚು ಅಪಾಯ' ಎಂಬ ಮಾತು. ಹಾಗೆ ಬರೆಯಬೇಡ ಎನ್ನುವ ಧೈರ್ಯವಾಗದೆ, ನಾಳೆ ಬಾ ಎಂದೆ.

ಮರುದಿನ ಪೇಟೆಗೆ ಹೋದಾಗ ಮಹಾದೇವಿ ಬಸ್ ನಿಲ್ದಾಣದ ಎದುರು ಕಾರು ನಿಲ್ಲಿಸಿ ಹೂ ತರಲು ಇಳಿದಳು. ಅಲ್ಲೇ ರೇವಣಪ್ಪ ಕೋಲೂರಿಕೊಂಡು ಊರಿನ ಬಸ್ಸಿಗೆ ಕಾಯುತ್ತಿದ್ದ. ಡಾಕ್ಟರಿಗೆ ಕಾಲು ತೋರಿಸಲು ಬಂದಿದ್ದನಂತೆ. ನಾನು ಓಡಿಹೋಗಿ, ಊರಿಗೆ ಬಿಟ್ಟು ಬರುತ್ತೇವೆ, ಬಾ ಎಂದು ಕರೆದೆ. ಅವನು ಕಾರನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದ.

"ಗಾಡಿ ಯಾರ್ ಹೊಡೀತಾರ್ರಿ ಸರ?"

ನಾನು ಹೂವಿನಂಗಡಿಯ ಕಡೆ ತಿರುಗಿದೆ. ಅಷ್ಟರಲ್ಲಿ ಮಹಾದೇವಿ ಬಂದು ಸ್ಟೇರಿಂಗಿನ ಮುಂದೆ ಕೂತಳು.

"ಅಕ್ಕಾರು ಹೊಡೀತಾರಂದ್ರ ಬರ್ತೀನ್ರಿ," ಎಂದು ಕೋಲನ್ನು ನನ್ನ ಕೈಗೆ ಕೊಟ್ಟು ಮುಂದಿನ ಸೀಟಿನಲ್ಲಿ ಕೂತ. ನಾನು ಹಿಂದೆ ಕೂತು, ಹೇಳಿಸಿಕೊಳ್ಳದೆ ಬೆಲ್ಟ್ ಹಾಕಿಕೊಂಡೆ. ಅವನ ಊರು ಮುಟ್ಟುವವರೆಗೂ ಆ ಕೋಲು ನನ್ನ ತೊಡೆಯ ಮೇಲೇ ಇತ್ತು.

ಸಂಜೆ ನಾಗಶೆಟ್ಟಿ ಬಂದಾಗ, ಎರಡೂ ಕಡೆ ಹೌದು ಅಂತ ಬರಿ ಎಂದೆ. ಬರೆದ. ಮುಂದಿನ ಪ್ರಶ್ನೆ, ವಾಹನವನ್ನು ಮುಖ್ಯವಾಗಿ ಓಡಿಸುವವರು ಯಾರು? ನಾನು ಗಂಟಲು ಸರಿಮಾಡಿಕೊಂಡೆ. ಅದನ್ನು ಮಾತ್ರ ಅವನು ನನ್ನನ್ನು ಕೇಳಲಿಲ್ಲ. ಮಹಾದೇವಿಯ ಕಡೆ ತಿರುಗಿ, "ಅಕ್ಕಾರ, ನಿಮ್ಮ ಲೈಸೆನ್ಸ್ ಕೊಡ್ರಿ" ಎಂದ.