ಭಾವನ ಮನೆಯ ಮತದಾನ

ಚಿತ್ತಾಪುರದಲ್ಲಿರುವ ನನ್ನ ಭಾವನಿಗೆ ಅರ್ಥಶಾಸ್ತ್ರ ಬರುವುದಿಲ್ಲ. ಇದನ್ನು ನಾನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಹೊಟ್ಟೆಕಿಚ್ಚಿನಿಂದ ಹೇಳುವುದು ಬೇಕಾದಷ್ಟಿದೆ, ಮುಂದೆ ಹೇಳುತ್ತೇನೆ. ಅವರೂ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು, ನಾನೂ ಅರ್ಥಶಾಸ್ತ್ರದ ಮೇಷ್ಟ್ರು. ಅವರು ಚಿತ್ತಾಪುರದಲ್ಲಿ, ನಾನು ಸೇಡಂನಲ್ಲಿ. ನಾನು ಪುಸ್ತಕ ಓದಿ, ಟಿಪ್ಪಣಿ ಮಾಡಿ, ಬೋರ್ಡಿನ ಮೇಲೆ ನೀಟಾಗಿ ರೇಖೆ ಎಳೆದು ಕಲಿಸುವವನು. ಅವರು ಬೋರ್ಡನ್ನು ಒರೆಸಲು ಮಾತ್ರ ಮುಟ್ಟುತ್ತಾರೆ. ಆದರೂ ಭಾನುವಾರ ಬಂತೆಂದರೆ ನನ್ನ ವಿದ್ಯಾರ್ಥಿಗಳು ಪ್ಯಾಸೆಂಜರ್ ರೈಲು ಹತ್ತಿ ಚಿತ್ತಾಪುರಕ್ಕೆ ಹೋಗಿ ಅವರ ಮನೆಯ ಪಡಸಾಲೆಯಲ್ಲಿ ಕುಳಿತು ಅರ್ಥಶಾಸ್ತ್ರ ಕೇಳಿ ಬರುತ್ತಿದ್ದರು! ಟಿಕೆಟ್ ತೆಗೆಸಿ ಹೋಗುತ್ತಿದ್ದರೋ ಇಲ್ಲವೋ, ಅದು ಬೇರೆ ಮಾತು. ನನ್ನ ತರಗತಿಗೆ ರೈಲಿರಲಿ, ವರಾಂಡದ ಈ ತುದಿಯಿಂದ ಆ ತುದಿಗೆ ನಡೆದು ಬರುವುದಕ್ಕೂ ಅದೇ ಹುಡುಗರಿಗೆ ಕಾಲು ನೋಯುತ್ತಿತ್ತು. ನೀವೇ ಹೇಳಿ, ಯಾವ ಮನುಷ್ಯ ಇದನ್ನು ತಡೆದುಕೊಂಡಾನು?

ತೊಂಬತ್ತರ ದಶಕದಲ್ಲಿ ಭಾವನ ಹತ್ತಿರ ಒಂದು ಹಳೆಯ ಸ್ಕೂಟರಿತ್ತು. ಮಾರಬೇಕೆಂದು ನಿರ್ಧರಿಸಿದರು. ಶಹಾಬಾದಿನಿಂದ ಒಬ್ಬ ಗಿರಾಕಿ ಬಂದ. ಸ್ಕೂಟರನ್ನು ಒರೆಸಿ, ಹೂವಿನ ಕುಂಡದ ಪಕ್ಕ ನಿಲ್ಲಿಸಿ, ಎರಡು ಒಳ್ಳೆಯ ಮಾತಾಡಿ ದಾಟಿಸಿಬಿಡುವುದು ಲೋಕರೂಢಿ. ನಮ್ಮ ಭಾವ ಗಿರಾಕಿಯನ್ನು ಕುರ್ಚಿಯಲ್ಲಿ ಕೂರಿಸಿ ಸ್ಕೂಟರಿನ ಜಾತಕ ಬಿಚ್ಚಿದರು.

"ನೋಡ್ರಿ, ಎರಡನೇ ಗೇರಿಗೆ ಬಿತ್ತಂದ್ರ ಮೂರನೇದಕ್ಕ ಬರಲಿಕ್ಕೆ ಮನಸ್ಸು ಮಾಡಂಗಿಲ್ಲ. ಮಳಿಗಾಲದಾಗ ಎಡಕ್ಕ ಎಳೀತದ. ಹಾರ್ನ್ ಒತ್ತಿದ್ರ ಲೈಟ್ ಹತ್ತತದ. ಮಾರಾವನಿಗೆ ಎಲ್ಲಾ ಗೊತ್ತು, ಕೊಳ್ಳಾವನಿಗೆ ಏನೂ ಗೊತ್ತಿಲ್ಲ ಅಂದ್ರ ಪ್ಯಾಟಿ ಕೆಡ್ತದ. ಅದಕ್ಕ ಎಲ್ಲಾ ಹೇಳ್ಲಿಕತ್ತೀನಿ."

ಗಿರಾಕಿ ಚಹಾದ ಬಸಿಯನ್ನು ಮೆಲ್ಲಗೆ ಕೆಳಗಿಟ್ಟು ಎದ್ದು ನಿಂತ. "ಸಾಹೇಬ್ರ, ಇಷ್ಟೆಲ್ಲಾ ನೀವೇ ಬಾಯಿಬಿಟ್ಟು ಹೇಳ್ಲಿಕತ್ತೀರಿ ಅಂದ್ರ, ಹೇಳದೇ ಇಟ್ಕೊಂಡಿದ್ದು ಇನ್ನೆಷ್ಟಿರಬೇಕ್ರಿ!" ಎಂದವನೇ ಹೊರಗೆ ನಡೆದ. ತಿರುಗಿ ಕೂಡ ನೋಡಲಿಲ್ಲ.

ಬೇರೆಯವರಾಗಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು. ಭಾವ ಖುಷಿಯಿಂದ ಕುಣಿದರು! ಮರುದಿನ ತರಗತಿಯಲ್ಲಿ ಆ ಗಿರಾಕಿಯ ಪಾತ್ರವನ್ನೂ ತಮ್ಮ ಪಾತ್ರವನ್ನೂ ತಾವೇ ಮಾಡಿ ತೋರಿಸಿದರಂತೆ. ಅಸಮ ಮಾಹಿತಿ ಎಂಬ ಒಣ ಪಾಠ ಹುಡುಗರಿಗೆ ಜನ್ಮದಲ್ಲಿ ಮರೆಯದಂತಾಯಿತು. ಅದೇ ವಾರ ನಾನು ಸೇಡಂನಲ್ಲಿ ಅದೇ ಪಾಠದ ವ್ಯಾಖ್ಯೆಯನ್ನು ಎರಡೆರಡು ಸಲ ಹೇಳಿ ಬರೆಸಿದೆ. ಮುಂದಿನ ಬೆಂಚಿನವನೊಬ್ಬ ಆಕಳಿಸಿದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದೆ. ಸ್ಕೂಟರು ಮಾತ್ರ ಭಾವನ ಅಂಗಳದಲ್ಲೇ ಉಳಿಯಿತು. ಅಷ್ಟರಮಟ್ಟಿಗೆ ದೇವರಿದ್ದಾನೆ.

ಇನ್ನು ಕಲ್ಲಿನ ಕಥೆ. ನಮ್ಮ ಕಡೆ ಶಹಾಬಾದಿ ಫರ್ಸಿಗೆ ಏನು ಬರ? ನೆಲಕ್ಕೆ ಅದೇ, ಗೋಡೆಗೆ ಅದೇ, ಬಟ್ಟೆ ಒಗೆಯಲು ಅದೇ, ಎಮ್ಮೆ ಕಟ್ಟುವ ಕಡೆಯೂ ಅದೇ. ಒಂದು ದಿನ ಭಾವ ಪಾಲಿಶ್ ಮಾಡಿದ ಅಂಗೈಯಗಲದ ತುಂಡುಗಳನ್ನು ಚೀಲದಲ್ಲಿ ತಂದು ತರಗತಿಯ ಅರ್ಧ ಜನಕ್ಕೆ ಹಂಚಿದರು. ಉಳಿದರ್ಧ ಜನಕ್ಕೆ, ಈ ಕಲ್ಲುಗಳನ್ನು ಚೌಕಾಶಿ ಮಾಡಿ ಕೊಂಡುಕೊಳ್ಳಿ ಎಂದರು. ನೋಡುತ್ತಾರೆ, ಕಲ್ಲು ಕೈಗೆ ಬಂದು ಹತ್ತು ನಿಮಿಷವಾಗಿಲ್ಲ, ಒಬ್ಬನೂ ಬಿಟ್ಟುಕೊಡಲೊಲ್ಲ! ತೆಂಗಳಿಯ ಹುಡುಗನೊಬ್ಬ ಕಲ್ಲನ್ನು ಎದೆಗೆ ಒತ್ತಿಕೊಂಡು "ಇದು ನಂದ್ರೀ ಸರ, ಕೊಡಂಗಿಲ್ಲ" ಎಂದನಂತೆ. ಅವನ ಮನೆಯ ಹಿತ್ತಲಲ್ಲಿ ಅಂಥದ್ದೇ ಕಲ್ಲಿನ ರಾಶಿ ಬಿದ್ದಿದ್ದಿರಬೇಕು. ಕೈಯಲ್ಲಿರುವುದಕ್ಕೆ ಮನುಷ್ಯ ಯಾಕೆ ಇಷ್ಟು ಬೆಲೆ ಕಟ್ಟುತ್ತಾನೆ ಎಂದು ಭಾವ ಆ ದಿನ ಗಂಟೆ ಹೊಡೆದ ಮೇಲೂ ಮಾತಾಡಿದರಂತೆ. ಒಬ್ಬನೂ ಏಳಲಿಲ್ಲವಂತೆ. ಇದಕ್ಕೆಲ್ಲ ವರ್ತನಾ ಅರ್ಥಶಾಸ್ತ್ರ ಎಂಬ ಹೆಸರಿದೆಯೆಂದು ನನಗೆ ಪುಸ್ತಕದಿಂದ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ನಾನು ಸುಮ್ಮನಿರುತ್ತೇನೆಯೇ? ಮುಂದಿನ ವಾರವೇ ನಾನೂ ಒಂದು ಚೀಲ ಕಲ್ಲು ತರಿಸಿದೆ, ಹಂಚಿದೆ, ಇನ್ನು ಚೌಕಾಶಿ ಮಾಡಿ ಎಂದು ಕೈಕಟ್ಟಿ ನಿಂತೆ. ನನ್ನ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಎದ್ದು ಬಂದು ಕಲ್ಲುಗಳನ್ನು ನನ್ನ ಮೇಜಿನ ಮೇಲೆ ಒಟ್ಟಿದರು. "ಭಾಳ ಭಾರ ಅವರೀ ಸರ, ನೀವೇ ಇಟ್ಕೊಳ್ರಿ" ಎಂದಳು ಮುಧೋಳದ ಹುಡುಗಿ. ಪಾಪ, ಮರ್ಯಾದೆಯಿಂದಲೇ ಹೇಳಿದಳು. ಆ ಚೀಲವನ್ನು ಹೊತ್ತು ಮನೆಗೆ ಬರುವಾಗ ನನ್ನ ಸಂಕಟವನ್ನು ಯಾವ ಶಾಸ್ತ್ರದಲ್ಲೂ ಯಾರೂ ಬರೆದಿಲ್ಲ.

ಹೊರಗಿನವರ ಮಾತು ಹೋಗಲಿ, ನನ್ನ ಹೆತ್ತವ್ವ! "ಅಳಿಯಂದ್ರು ಎಷ್ಟು ಚಂದ ಬಿಡಿಸಿ ಹೇಳ್ತಾರಪ್ಪಾ, ನನಗೂ ತಿಳೀತದ" ಎನ್ನುತ್ತಿದ್ದಳು. ಇಪ್ಪತ್ತು ವರ್ಷ ಅವಳ ಎದುರಿಗೇ ಕೂತು ಉಂಡಿದ್ದೇನೆ, ನಾನು ಏನು ಕಲಿಸುತ್ತೇನೆಂದು ಒಮ್ಮೆಯಾದರೂ ಕೇಳಿದ್ದಾಳೆಯೇ?

ಭಾವನ ಮನೆಯಲ್ಲಿ ಎಲ್ಲದಕ್ಕೂ ಮತದಾನ. ಅಕ್ಕ ಒಮ್ಮೆ ಪಲ್ಯ ಯಾವುದು ಮಾಡಲಿ ಎಂದು ಕೇಳಿದಳು. ಅವ್ವ, ಅಕ್ಕ, ನಾನು ಮೂರೂ ಜನ ಮತದಾರರು. ಭಾವ ಎರಡೆರಡೇ ತರಕಾರಿಯನ್ನು ಕಣಕ್ಕಿಳಿಸಿದರು. ಹೀರೇಕಾಯಿಯ ಮುಂದೆ ಬದನೆ ಗೆದ್ದಿತು. ಚವಳಿಕಾಯಿಯ ಮುಂದೆ ಹೀರೇಕಾಯಿ ಗೆದ್ದಿತು. ಸರಿ, ಬದನೆಯೇ ರಾಜ ಅನ್ನೋಣವೆಂದರೆ, ಬದನೆಯನ್ನು ಚವಳಿಕಾಯಿ ಸೋಲಿಸಿಬಿಟ್ಟಿತು! ಮತ್ತೆ ಮೊದಲಿಂದ. ಮಧ್ಯಾಹ್ನವಾಯಿತು, ಹೊಟ್ಟೆ ಚುರುಗುಟ್ಟಿತು, ಕೊನೆಗೆ ಅಕ್ಕ ಸಿಟ್ಟಿನಿಂದ ಅನ್ನ, ತವ್ವೆ, ಉಪ್ಪಿನಕಾಯಿ ಬಡಿಸಿದಳು. ಭಾವ ಮಾತ್ರ ಕಲಸಿದ ಅನ್ನವನ್ನು ಕೈಯಲ್ಲೇ ಹಿಡಿದುಕೊಂಡು, "ಕಂಡ್ಯೋ ತಮ್ಮಾ? ಮಂದಿ ಮನಸ್ಸು ಒಂದ ಇದ್ರೂ ಕೇಳೋ ರೀತಿ ಬದಲಾದ್ರ ಗೆಲ್ಲಾವ ಬದಲಾಗ್ತಾನ" ಎಂದು ಬೀಗುತ್ತಿದ್ದರು. ಇದನ್ನು ನಾನು ಪಾಠ ಮಾಡುತ್ತಲೇ ಇದ್ದೆ. ಬದನೆಕಾಯಿಯಲ್ಲಿ ನೋಡಿರಲಿಲ್ಲ, ಅಷ್ಟೆ.

ಇಷ್ಟನ್ನೆಲ್ಲ ಹೇಗೋ ನುಂಗಿಕೊಂಡಿದ್ದೆ. ಆದರೆ ನನ್ನ ಮಗಳು ಪಿಯುಸಿ ಮುಗಿಸಿದ ಬೇಸಿಗೆ ಬಂತು ನೋಡಿ, ಅದನ್ನು ನುಂಗಲಾಗಲಿಲ್ಲ. ಅವಳಿಗೆ ಅರ್ಥಶಾಸ್ತ್ರವೇ ಬೇಕಂತೆ. ನನಗೆ ಎದೆ ಉಬ್ಬಿತು. "ಎಲ್ಲಿ ಓದ್ತಿ ಕೂಸು?" ಎಂದೆ. "ಮಾಮಾನ ಕಾಲೇಜಿನ್ಯಾಗ" ಎಂದಳು. ಉಬ್ಬಿದ್ದು ಇಳಿಯಿತು. ಅಲ್ಲೇ ಅತ್ತೆಯ ಮನೆಯಲ್ಲಿದ್ದು ಓದುತ್ತಾಳಂತೆ. ಅಕ್ಕ ಭಾವರಿಗೆ ಮಕ್ಕಳಿಲ್ಲ. ನನಗೆ ಇರುವವಳು ಇವಳೊಬ್ಬಳು. ವಿದ್ಯಾರ್ಥಿಗಳು ಭಾವನ ಕಡೆಯಾದರು, ಅವ್ವ ಭಾವನ ಕಡೆಯಾದಳು, ಈಗ ಮಗಳೂ ಆ ಪಡಸಾಲೆಗೇ ಹೊರಟಳೇ? ನನ್ನ ಹೆಂಡತಿ ಕಲಬುರಗಿಯ ಹಾಸ್ಟೆಲ್ ಎಂದು ಹಟ ಹಿಡಿದಳು. ನಾನು ಸೇಡಂ, ನನ್ನ ಕಾಲೇಜು, ನನ್ನ ತರಗತಿ ಎಂದೆ. ಮಾತಿಗೆ ಮಾತು ಬೆಳೆದು ಮನೆಯಲ್ಲಿ ಎರಡು ದಿನ ಯಾರೂ ನೆಟ್ಟಗೆ ಉಣ್ಣಲಿಲ್ಲ. ಆಗ ಅವ್ವ ಒಂದು ಉಪಾಯ ಹೇಳಿದಳು. "ಅಳಿಯಂದ್ರನ್ನ ಕರಸು. ಅವ್ರು ಮತ ಹಾಕಿಸ್ತಾರ."

ಬೇಲಿಯೇ ಹೊಲ ಮೇಯಲು ಹೊರಟಾಗ ಬೇಲಿಯನ್ನೇ ನ್ಯಾಯಕ್ಕೆ ಕರೆಯುವುದೇ! ಆದರೆ ಅವ್ವನಿಗೆ ಎದುರಾಡುವವರು ಯಾರು? ಅಕ್ಕನೂ ಭಾವನೂ ಬಂದರು. ಒಂದು ದಿನ ಇದ್ದರು. ಭಾವ ಒಮ್ಮೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ನನ್ನ ಹೆಂಡತಿಗೆ ಬಟಾಣಿ ಸುಲಿದುಕೊಟ್ಟರು, ಇನ್ನೊಮ್ಮೆ ಅವ್ವನ ಹತ್ತಿರ ಕೂತು ಹೂಬತ್ತಿ ಹೊಸೆದರು. ನನಗೆ ಇದೂ ಕಣ್ಣಿಗೆ ಚುಚ್ಚಿತು. ನನ್ನ ಮನೆಯಲ್ಲಿ ನಾನೇ ಯಾವತ್ತೂ ಬಟಾಣಿ ಸುಲಿದವನಲ್ಲ.

ಮರುದಿನ ಬೆಳಿಗ್ಗೆ ಪಡಸಾಲೆಯಲ್ಲಿ ಸಭೆ. ಮತದಾರರು ಅವ್ವ, ಅಕ್ಕ, ನನ್ನ ಹೆಂಡತಿ, ಮಗಳು, ನಾನು. ಭಾವ ಅಧ್ಯಕ್ಷರು. ಅಧ್ಯಕ್ಷರಿಗೆ ಮತವಿಲ್ಲ, ಆದರೆ ಸಮಸಮ ಬಂದರೆ ಅವರು ಹೇಳಿದ ಕಡೆಗೇ ತೀರ್ಪು. ಇದು ಅವರ ಮನೆಯ ಹಳೆಯ ಕಾನೂನು. ನಾನು ಸೋಲಲು ತಯಾರಾಗಿ ಕುಳಿತಿದ್ದೆ.

ಭಾವ ಗಂಟಲು ಸರಿಮಾಡಿಕೊಂಡರು. "ಇವತ್ತ ಬೇಕು ಅನ್ನೋದಕ್ಕ ಕೈ ಎತ್ತೋದು ಬ್ಯಾಡ. ನಾನು ಒಂದೊಂದ ಊರಿನ ಹೆಸರು ಹೇಳ್ತೀನಿ. ಇದನ್ನ ನನಗ ತಡಕೊಳ್ಳಲಿಕ್ಕೆ ಆಗಂಗಿಲ್ಲ ಅನ್ನೋರು ಕೈ ಎತ್ರಿ."

ಕಲಬುರಗಿ ಎಂದರು. ಮಗಳೂ ಅಕ್ಕನೂ ಕೈ ಎತ್ತಿದರು. ಚಿತ್ತಾಪುರ ಎಂದರು. ನನ್ನ ಕೈ ಎಲ್ಲರಿಗಿಂತ ಮೊದಲು ಮೇಲೆ ಹೋಗಿತ್ತು. ಹೆಂಡತಿಯೂ ಎತ್ತಿದಳು. ಆಶ್ಚರ್ಯ, ಅವ್ವನೂ ಎತ್ತಿದಳು! "ಅಳಿಯಂದ್ರ ಮನಿಗೆ ನಾವು ಭಾರ ಹಾಕಬಾರದಪ್ಪಾ, ಅದು ರೂಢಿ ಅಲ್ಲ" ಎಂದಳು. ಸೇಡಂ ಎಂದರು. ಒಂದು ಕೈಯೂ ಏಳಲಿಲ್ಲ.

"ಹಂಗಾದ್ರ ಸೇಡಂ" ಎಂದು ಭಾವ ಎದ್ದುಬಿಟ್ಟರು.

ಗೆದ್ದೆ! ಜನ್ಮದಲ್ಲಿ ಮೊದಲ ಸಲ ಭಾವನ ವಿರುದ್ಧ ಗೆದ್ದೆ! ನಾನು ಮೀಸೆ ತಿರುವುತ್ತಿರುವಾಗ ಹೆಂಡತಿ ಪಕ್ಕದಿಂದ ಮೆಲ್ಲಗೆ, "ಭಾಳ ಹಿಗ್ಗಬ್ಯಾಡ್ರಿ. ಯಾರಿಗೂ ಬ್ಯಾಡಾಗಿಲ್ಲ ಅಂತ ಗೆದ್ದೀರಿ, ಯಾರಿಗೋ ಬೇಕಾಗಿ ಅಲ್ಲ" ಎಂದಳು.

ಮಧ್ಯಾಹ್ನದ ಗಾಡಿಗೆ ಅವರನ್ನು ಬಿಡಲು ಸ್ಟೇಶನ್ನಿಗೆ ಹೊರಟೆವು. ಮಗಳು ಭಾವನ ಚೀಲ ಹಿಡಿದು ಅವರ ಜೊತೆ ಮುಂದೆ ನಡೆಯುತ್ತಿದ್ದಳು. ಅಕ್ಕ ನನ್ನ ಜೊತೆ ಹಿಂದೆ ಬಂದಳು. "ನಮ್ಮ ಮನಿ ಒಳಗಿನ ಖೋಲಿಗೆ ಇವ್ರು ಸುಣ್ಣ ಹೊಡಿಸಿದ್ರು" ಎಂದಳು. "ಕಿಟಕಿಗೆ ಸೊಳ್ಳಿ ಬರದಂಗ ಜಾಳಿ ಹಾಕಿಸಿದ್ರು. ವಾಡಿಯಿಂದ ಒಂದು ಮೇಜು ತರಿಸ್ಯಾರ, ಕೂಸಿಗೆ ಓದಲಿಕ್ಕೆ."

"ಮತ್ತ?" ಎಂದೆ.

"ಮತ್ತೇನು, ನಿನ್ನೆ ಒಬ್ಬೊಬ್ಬರನ್ನ ಕೇಳಿ ತಿಳ್ಕೊಂಡ್ರು. ನಾನು, ಕೂಸು ಚಿತ್ತಾಪುರ. ನಿನ್ನ ಹೇಣ್ತಿ, ಅವ್ವ ಕಲಬುರಗಿ. ಅವ್ವಗ ಅಲ್ಲಿ ಮಠಕ್ಕ ಹೋಗಲಿಕ್ಕೆ ಒಂದು ನೆಪ ಬೇಕಾಗಿತ್ತು. ನಿನ್ನ ಮಾತ್ರ ಕೇಳಲಿಲ್ಲ. ಅವನ ಮುಖದ ಮ್ಯಾಲೇ ಕಾಣಸ್ತದ ಅಂದ್ರು."

ನಾನು ನಡುರಸ್ತೆಯಲ್ಲಿ ನಿಂತುಬಿಟ್ಟೆ. ಅರ್ಥಶಾಸ್ತ್ರದ ಮೇಷ್ಟ್ರಿಗೆ ಇಷ್ಟು ಲೆಕ್ಕ ತಿಳಿಯದೇ? ಬೇಕೆಂದವರು ಕೈ ಎತ್ತಿ ಎಂದಿದ್ದರೆ ಚಿತ್ತಾಪುರಕ್ಕೆ ಎರಡು, ಕಲಬುರಗಿಗೆ ಎರಡು, ಸೇಡಂಗೆ ನನ್ನದೊಂದೇ ಕೈ. ಸಮಸಮ. ತೀರ್ಪು ಅಧ್ಯಕ್ಷರದು. ಎಲ್ಲರ ಮನಸ್ಸೂ ತಿಳಿದಿದ್ದವರು ಇಡೀ ಸಭೆಯಲ್ಲಿ ಅವರೊಬ್ಬರೇ. ತಮಗೆ ಬೇಕಾದ್ದನ್ನು ಪಡೆಯಲು ಅವರು ಬಾಯಿಬಿಟ್ಟು ತಮ್ಮ ಊರಿನ ಹೆಸರು ಹೇಳಿದ್ದರೆ ಸಾಕಿತ್ತು.

ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಅವರ ಪಕ್ಕ ಕುಳಿತೆ. "ಭಾವಾ, ಹಿಂಗ್ಯಾಕ ಮಾಡಿದ್ರಿ?"

ಅವರು ನನ್ನನ್ನು ನೋಡಲಿಲ್ಲ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಮಗಳೂ ಅಕ್ಕನೂ ಬೇವಿನ ನೆರಳಿನಲ್ಲಿ ನಿಂತು ಏನೋ ನಗುತ್ತಿದ್ದರು. "ಆಕಿ ಬಂದಿದ್ರ ನನಗ ಖುಷಿ ಆಗ್ತಿತ್ತೋ ತಮ್ಮಾ" ಎಂದರು. "ಹೋಗಿದ್ರ ನಿನಗ ಸಂಕಟ ಆಗ್ತಿತ್ತು. ಎರಡೂ ಒಂದ ತೂಕ ಅಲ್ಲ. ಮಕ್ಕಳಿಲ್ಲದ ಮನಿ ನಮಗ ರೂಢಿ ಆಗ್ಯದ. ನಿನಗ ಆಗಿಲ್ಲ."

ದೂರದಲ್ಲಿ ಗಾಡಿ ಕೂಗಿತು. ನಾನು ಎದ್ದವನೇ ಟಿಕೆಟ್ ಕಿಟಕಿಗೆ ಓಡಿದೆ. ತಿರುಗಿ ಬರುವಾಗ ಗಾಡಿ ನಿಂತಿತ್ತು, ಅವರು ಹತ್ತುತ್ತಿದ್ದರು. ಮಗಳ ಕೈಗೆ ಟಿಕೆಟ್ ತುರುಕಿ, "ಹತ್ತು ಕೂಸು. ಕಾಲೇಜು ಚಾಲೂ ಆಗೋ ತನಕ ಅಲ್ಲೇ ಇರು. ಮುಂದೂ ರಜಾ ಬಂದಾಗೆಲ್ಲಾ ಹೋಗು" ಎಂದೆ. ಆಮೇಲೆ ನೆನಪಾಗಿ, "ಅಯ್ಯ, ಬಟ್ಟಿ?" ಎಂದೆ.

"ಅಲ್ಲಿ ನನ್ನವು ಇರತಾವಪ್ಪಾ" ಎಂದಳು, ಒಂದು ಕಾಲು ಮೆಟ್ಟಿಲ ಮೇಲಿಟ್ಟು.

ಅಲ್ಲಿಯೂ ಅವಳ ಬಟ್ಟೆಗಳಿರುತ್ತವೆಯೇ! ಎಂದಿನಿಂದ? ನನಗೆ ಯಾರೂ ಹೇಳಿರಲಿಲ್ಲ. ಕೇಳುವಷ್ಟರಲ್ಲಿ ಗಾಡಿ ಅಲುಗಿತು. ಭಾವ ಕಿಟಕಿಯಲ್ಲಿ ಕುಳಿತು ನನ್ನನ್ನೇ ನೋಡುತ್ತಿದ್ದರು. ಎಲ್ಲದಕ್ಕೂ ಒಂದು ಪಾಠ ಹೇಳುವ ಮನುಷ್ಯ ಧೋತರದ ಚುಂಗಿನಿಂದ ಕನ್ನಡಕ ಒರೆಸಿಕೊಳ್ಳತೊಡಗಿದರು. ಮಗಳು ಅವರ ಭುಜಕ್ಕೆ ಒರಗಿ ನನಗೆ ಕೈ ಬೀಸಿದಳು. ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಉರಿಯಿತು. ಆದರೂ ಗಾಡಿ ಕಣ್ಮರೆಯಾಗುವವರೆಗೆ ನಾನು ಕೈ ಕೆಳಗಿಳಿಸಲಿಲ್ಲ.