ಪಾಪ್ಪಚ್ಚನ ತೂಕದ ಪಟ್ಟಿ

ಗ್ರೇಸಿ ಮೇಡಂ ಕೊಚ್ಚಿಯ ಮಟ್ಟಾಂಚೇರಿಗೆ ಹೊರಟದ್ದು ಮಗಳ ಬಾಣಂತನಕ್ಕೆ. ಆದರೆ ಹನ್ನೆರಡು ದಿನ ನಿದ್ದೆಗೆಟ್ಟು ಬಾಣಂತನ ಮಾಡಿದವನು ತಿರುವನಂತಪುರದಲ್ಲೇ ಉಳಿದ ಜಯಪ್ರಕಾಶ.

ಅವನ ಪಾಲಿಗೆ ಬಂದದ್ದು ಮೇಡಂ ಸಾಕಿದ ಗಿನಿಪಿಗ್. ಬಿಳಿ, ಕಂದು ಬಣ್ಣದ, ಬಾಲವಿಲ್ಲದ, ಸುಲಿದ ತೆಂಗಿನಕಾಯಿಗಿಂತ ಒಂಚೂರು ದೊಡ್ಡ ಪ್ರಾಣಿ. ಹೆಸರು ಮಾತ್ರ ಊರ ಹಿರಿಯರಿಗೆ ಒಪ್ಪುವಂಥದ್ದು, ಪಾಪ್ಪಚ್ಚನ್. "ಸ್ವಲ್ಪ ದಿನ ನೋಡಿಕೊಳ್ಳುತ್ತೀರಾ?" ಎಂದು ಮೇಡಂ ಬಾಯಿ ತೆರೆಯುವಷ್ಟರಲ್ಲೇ ಜಯಪ್ರಕಾಶ ತಲೆಯಾಡಿಸಿದ್ದ.

ಆಡಿಸದೆ ಏನು ಮಾಡಿಯಾನು? ಅವನ ವರ್ಗಾವಣೆಯ ಅರ್ಜಿ ಮೇಡಮ್ಮನ ಮೇಜಿನ ಮೇಲಿತ್ತು. ಮದುವೆಯಾಗಿ ಎಂಟು ತಿಂಗಳು. ಹೆಂಡತಿ ತೇಜಸ್ವಿನಿ ಮಂಜೇಶ್ವರದಲ್ಲಿ ಕನ್ನಡ ಶಾಲೆಯ ಟೀಚರ್. ಇವನು ಕೇರಳದ ಈ ತುದಿಯಲ್ಲಿ ಸರಕಾರಿ ಗುಮಾಸ್ತ. ಕಾಸರಗೋಡಿಗೆ ವರ್ಗ ಬೇಕೆಂದು ಆರೋಗ್ಯದ ಕಾರಣ ಕೊಟ್ಟಿದ್ದ: 'ಇಲ್ಲಿಯ ನೀರು ಹಿಡಿಸುವುದಿಲ್ಲ, ಊಟ ಸೇರುವುದಿಲ್ಲ, ತೂಕ ಇಳಿಯುತ್ತಿದೆ.' ತೂಕ ಇಳಿದದ್ದೇನೋ ನಿಜ. ಬೆಳಿಗ್ಗೆ ಬ್ರೆಡ್ಡು, ರಾತ್ರಿ ಬ್ರೆಡ್ಡು ತಿಂದರೆ ಯಾವ ಊರಲ್ಲೂ ಇಳಿಯುತ್ತದೆ. ನಾಳೆ ಯಾರಾದರೂ ವಿಚಾರಿಸಿಯಾರು ಎಂದು ಎಲ್ಲರಿಗೂ ಅಕ್ಕನಾದ, ಕೆಳಗಿನ ಮನೆಯ ಪಂಕಜಾ ಚೇಚಿಗೂ ಅದನ್ನೇ ಹೇಳಿ, ಅವರು ಕೊಟ್ಟ ತಿಂಡಿಯನ್ನು ಎರಡು ಸಲ ವಾಪಸ್ ಮಾಡಿದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಈ ಕಚೇರಿಯಲ್ಲಿ ಪೂಜಾರಿ ಗ್ರೇಸಿ ಮೇಡಂ.

ಬಂದ ಮರುದಿನ ಬೆಳಿಗ್ಗೆ ಪಾಪ್ಪಚ್ಚನ್ ಹುಲ್ಲು ಮುಟ್ಟಲಿಲ್ಲ. ಗೂಡಿನ ಮೂಲೆಯಲ್ಲಿ ರೋಮ ಉಬ್ಬಿಸಿಕೊಂಡು ಕೂತಿತ್ತು. ಕ್ಯಾರೆಟ್ ಹಿಡಿದರೆ, ಸೊಸೆ ಬಡಿಸಿದ್ದನ್ನು ನೋಡಿದ ಅತ್ತೆಯ ಹಾಗೆ ಮುಖ ತಿರುಗಿಸಿತು.

"ಅಭಿಜಿತ್, ಇದು ತಿನ್ನುದೇ ಇಲ್ಲ ಮಾರಾಯ. ಎಂತ ಮಾಡುದು?"

ಜತೆಗೆ ರೂಮಿನಲ್ಲಿದ್ದ ಅಭಿಜಿತ್ ಮೈಸೂರಿನವನು, ಟೆಕ್ನೋಪಾರ್ಕಿನಲ್ಲಿ ಕೆಲಸ. ಲೋಕದ ಎಲ್ಲ ಕಾಯಿಲೆಗೂ ಅವನ ಫೋನಿನಲ್ಲಿ ಉತ್ತರವಿತ್ತು. "ಗುರೂ, ಒಂದಿನ ತಿನ್ನದೇ ಇದ್ರೆ ಇವು ಉಳಿಯೋದೇ ಕಷ್ಟವಂತೆ. ಮೊದ್ಲು ತೂಕ ನೋಡು. ಮೇಡಂ ಎಷ್ಟು ಅಂದಿದ್ರು?"

"ಒಂಬೈನೂರು ಗ್ರಾಂ."

ಅಭಿಜಿತ್ ಹೊಟ್ಟೆ ಕರಗಿಸಲೆಂದು ಕೊಂಡ ತೂಕದ ಯಂತ್ರ ಮಂಚದಡಿಯಿಂದ ಹೊರಬಂತು. ಪಾಪ್ಪಚ್ಚನನ್ನು ಕೂರಿಸಿದರೆ ಅದು ಸೊನ್ನೆ ತೋರಿಸಿತು. ಅಷ್ಟು ಹಗುರದವರನ್ನು ಅದು ಲೆಕ್ಕಕ್ಕೇ ಹಿಡಿಯುವುದಿಲ್ಲ.

"ನೀನು ಎತ್ಕೊಂಡು ನಿಂತ್ಕೋ. ಆಮೇಲೆ ನೀನೊಬ್ನೇ ನಿಂತ್ಕೋ. ಕಳೆದ್ರೆ ಆಯ್ತಲ್ಲ," ಎಂದ ಅಭಿಜಿತ್.

ಕಳೆದರು. ಎಂಟುನೂರು. ಒಂದೇ ದಿನಕ್ಕೆ ನೂರು ಗ್ರಾಂ ಮಾಯ. ಜಯಪ್ರಕಾಶನ ಕಣ್ಣ ಮುಂದೆ ಮಂಜೇಶ್ವರದ ರೈಲು ಅವನನ್ನು ಬಿಟ್ಟು ಹೊರಟಿತು.

ಸುದ್ದಿ ತಿಳಿದ ಪಂಕಜಾ ಚೇಚಿ ಮೆಟ್ಟಿಲು ಹತ್ತಿ ಬಂದರು. "ಪಾವಂ, ಪಾಪ. ಇದು ದೃಷ್ಟಿ ಮೋನೇ, ಬೇರೇನೂ ಅಲ್ಲ," ಎಂದು ಒಲೆಗೆ ಒಣಮೆಣಸು ಹಾಕಿಯೇಬಿಟ್ಟರು. ಅಭಿಜಿತ್ ಗೂಡನ್ನು ಎತ್ತಿಕೊಂಡು ಬಾಲ್ಕನಿಗೆ ಓಡಿದ. ಜಯಪ್ರಕಾಶ ಕೆಮ್ಮುತ್ತ ಹಿಂದೆ ಹೋದ. ಆಗಲೇ ಕೊಚ್ಚಿಯಿಂದ ಮೇಡಮ್ಮನ ವೀಡಿಯೋ ಕಾಲ್ ಬಂತು.

"ಎಲ್ಲಿ ನನ್ನ ಪಾಪ್ಪಚ್ಚನ್? ತಿಂದನಾ?"

ಅಭಿಜಿತ್ ಗೂಡಿನ ಹಿಂದೆ ಬಗ್ಗಿ ಕೂತು, ಪಾಪ್ಪಚ್ಚನ ಬಾಯಿಯ ಬಳಿ ಕೊತ್ತಂಬರಿ ಸೊಪ್ಪನ್ನು ಮೆಲ್ಲಗೆ ಹಿಂದಕ್ಕೆಳೆದ. ನೋಡುವವರಿಗೆ ತಿಂದ ಹಾಗೆಯೇ ಇತ್ತು.

"ತಿನ್ನುತ್ತಿದೆ ಮೇಡಂ," ಎಂದ ಜಯಪ್ರಕಾಶ. ಮೆಣಸಿನ ಹೊಗೆಗೆ ಕಣ್ಣಿಂದ ನೀರು ಸುರಿಯುತ್ತಿತ್ತು.

"ನೀವ್ಯಾಕೆ ಅಳುತ್ತೀರಿ?"

"ಸಂತೋಷಕ್ಕೆ ಮೇಡಂ."

ಸುಳ್ಳಿಗೂ ಒಂದು ಮಿತಿಯುಂಟು. ಫೋನ್ ಇಟ್ಟವನೇ ಕಚೇರಿಗೆ ರಜೆ ಹೇಳಿ, ಗೂಡನ್ನು ತೊಡೆಯ ಮೇಲಿಟ್ಟುಕೊಂಡು ಆಟೋ ಹತ್ತಿದ. ಪ್ರತಿ ಗುಂಡಿಗೂ "ಚೇಟಾ, ನಿಧಾನ" ಎಂದು ಡ್ರೈವರನನ್ನು ಬೇಡಿಕೊಳ್ಳುತ್ತ ಪ್ರಾಣಿ ಡಾಕ್ಟರ ಬಳಿ ತಲುಪಿದ. ಅಷ್ಟು ಹೊತ್ತಿಗೆ ಅವನಿಗೆ ವರ್ಗಾವಣೆ ಮರೆತುಹೋಗಿತ್ತು. ಗೂಡಿನೊಳಗಿಟ್ಟ ಅಂಗೈಯಲ್ಲಿ ಪುಟಪುಟ ಬಡಿಯುವ ಆ ಎದೆ ನಿಲ್ಲದಿದ್ದರೆ ಸಾಕಾಗಿತ್ತು.

ಡಾಕ್ಟರು ಬಾಯಿಗೆ ಟಾರ್ಚ್ ಬಿಟ್ಟು, ಹೊಟ್ಟೆ ಒತ್ತಿ ನೋಡಿದರು. "ಹಲ್ಲು ಸರಿಯಾಗಿದೆ. ಮನೆ ಬದಲಾಯಿತೇ?"

"ಹೌದು ಡಾಕ್ಟ್ರೇ."

"ಅದೇ. ಊರು ಹೊಸದು, ಪರಿಚಯದವರಿಲ್ಲ. ಊಟ ಸೇರುವುದಿಲ್ಲ, ತೂಕ ಇಳಿಯುತ್ತದೆ."

ಜಯಪ್ರಕಾಶ ಕುರ್ಚಿಯನ್ನು ಡಾಕ್ಟರ ಹತ್ತಿರಕ್ಕೆ ಎಳೆದುಕೊಂಡ. ಅವನ ಅರ್ಜಿಯನ್ನು ಇಷ್ಟು ಚೆನ್ನಾಗಿ ಈವರೆಗೆ ಯಾರೂ ಅರ್ಥ ಮಾಡಿಕೊಂಡಿರಲಿಲ್ಲ. "ಹಾಗಾದರೆ ಊರಿಗೆ ವಾಪಸ್ ಕಳಿಸುವುದೇ ಮದ್ದಾ?"

"ಬೇಡಪ್ಪ. ಹೊತ್ತುಹೊತ್ತಿಗೆ ತಿನ್ನಿಸಿ ಯಾರಾದರೂ ಹತ್ತಿರ ಕೂತರೆ ಎಲ್ಲ ಒಗ್ಗುತ್ತದೆ." ಹೊಟ್ಟೆಗೆ ಮದ್ದು ಕೊಟ್ಟರು. ನೆನೆಸಿ ಅರೆದ ಆಹಾರವನ್ನು ಸೂಜಿಯಿಲ್ಲದ ಸಿರಿಂಜಿನಲ್ಲಿ ಎರಡು ಗಂಟೆಗೊಮ್ಮೆ ಕುಡಿಸಬೇಕು, ಎಳೆ ಹುಲ್ಲು, ಪೇರಳೆ ಚೂರು ಮುಂದಿಡಬೇಕು ಎಂದರು. "ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡಿ. ಬಾಯಿಮಾತು ನಾನು ನಂಬುವುದಿಲ್ಲ."

ಬರೆದಿಡುವುದನ್ನು ಗುಮಾಸ್ತನಿಗೆ ಹೇಳಿಕೊಡಬೇಕೇ? ಗೆರೆ ಹೊಡೆದು ಮೂರು ಕಲಂ ಮಾಡಿದ: ಇಬ್ಬರದ್ದು, ತನ್ನೊಬ್ಬನದ್ದು, ಕಳೆದು ಉಳಿದದ್ದು. ಪ್ರತಿ ಸಾಲಿಗೂ ತಾರೀಕು, ಸಹಿ.

ಹಗಲಿನ ಪಾಳಿಯನ್ನು ಮನೆಯಿಂದಲೇ ಕೆಲಸ ಮಾಡುವ ಅಭಿಜಿತ್ ವಹಿಸಿಕೊಂಡ. ಸಂಜೆಯಿಂದ ಬೆಳಗಿನವರೆಗೆ ಜಯಪ್ರಕಾಶ. ಪಂಕಜಾ ಚೇಚಿಗೆ ಮಾತ್ರ ಸಿರಿಂಜಿನ ಮೇಲೆ ನಂಬಿಕೆಯಿರಲಿಲ್ಲ. ರೋಗಿಗೆಂದು ಹೊತ್ತಿಗೊಂದು ತಟ್ಟೆ ಮೇಲೆ ಬಂತು: ಕಂಜಿ-ಪಯರ್, ಪುಟ್ಟು-ಕಡಲೆ, ಅವಿಯಲ್, ಬಿಸಿ ಬಿಸಿ ಪಳಂಪೊರಿ ಎಂಬ ಬಾಳೆಹಣ್ಣಿನ ಬಜ್ಜಿ. ತಟ್ಟೆ ತುಂಬಿದ ಹಾಗೇ ವಾಪಸ್ ಹೋದರೆ ಚೇಚಿ ನೊಂದುಕೊಳ್ಳುತ್ತಿದ್ದರು. ಯಾರಾದರೂ ತಿನ್ನಲೇಬೇಕಿತ್ತು. ಅಭಿಜಿತನದೋ ಡಯಟ್.

"ತಿಂದನಾ ಮೋನೇ?"

"ತಿಂದ ಚೇಚೀ. ತಟ್ಟೆ ನೋಡಿ."

"ನನಗೆ ಗೊತ್ತಿತ್ತು. ರಾತ್ರಿಗೆ ಮರಗೆಣಸಿನ ಕಪ್ಪ ಬೇಯಿಸುತ್ತೇನೆ."

ಐದನೆಯ ದಿನ ಸಂಜೆ ಹುಲ್ಲಿನ ಚೀಲ ಸರಸರ ಎಂದದ್ದೇ ತಡ, ಪಾಪ್ಪಚ್ಚನ್ ಸೀಟಿ ಊದಿದ ಹಾಗೆ ಕೂಗಿ, ಓಡಿ ಬಂದು ಜಯಪ್ರಕಾಶನ ಕೈಯಿಂದಲೇ ಹುಲ್ಲು ಕಿತ್ತು ತಿಂದಿತು. ಅವನು ನೆಲದ ಮೇಲೆ ಕೂತುಬಿಟ್ಟ. ಐದು ದಿನದಿಂದ ಎದೆಯ ಮೇಲಿದ್ದ ಬಂಡೆ ಇಳಿದಿತ್ತು. ಹೆಂಡತಿಗೆ ಫೋನ್ ಮಾಡಿದ.

"ತಿಂತು ತೇಜೂ, ತಿಂತು."

"ಅದು ತಿಂದದ್ದಾಯ್ತು. ನೀವು ತಿಂದ್ರಾ?"

"ಹೊಟ್ಟೆ ತುಂಬ," ಎಂದ. ಅದೊಂದು ಮಾತ್ರ ಸುಳ್ಳಾಗಿರಲಿಲ್ಲ.

ಮೇಡಂ ಬಂದ ದಿನ ಗೂಡನ್ನೂ ಪಟ್ಟಿಯನ್ನೂ ಅವರ ಮನೆಗೆ ಒಪ್ಪಿಸಿ ಕಚೇರಿಗೆ ಹೋದ. ಹನ್ನೊಂದಕ್ಕೆ ಮೇಡಮ್ಮನ ಕೋಣೆಯಿಂದ ಕರೆ ಬಂತು.

"ಜಯಪ್ರಕಾಶ್, ಪಾಪ್ಪಚ್ಚನ್ ಈಗ ಒಂಬೈನೂರ ಐವತ್ತು. ಸ್ವಂತ ಮಗನೂ ಇಷ್ಟು ಮಾಡುತ್ತಿರಲಿಲ್ಲ. ನಿಮ್ಮ ಅರ್ಜಿ ಇವತ್ತೇ ಮೇಲೆ ಹೋಗುತ್ತದೆ." ಮೇಡಂ ಫೈಲು ಬಿಡಿಸಿ ಪೆನ್ನಿನ ಮುಚ್ಚಳ ತೆಗೆದರು. ಬರೆಯುವ ಮೊದಲು ತೂಕದ ಪಟ್ಟಿಯನ್ನು ಮತ್ತೊಮ್ಮೆ ಪ್ರೀತಿಯಿಂದ ನೋಡಿದರು. "ಈ ನಡುವಿನ ಕಲಂ ಯಾರದ್ದು?"

"ನನ್ನದೇ ಮೇಡಂ. ಕಳೆಯಲಿಕ್ಕೆ."

"ಮೊದಲ ದಿನ ಐವತ್ತೊಂದು ಕಿಲೋ." ಮೇಡಮ್ಮನ ಬೆರಳು ಕೆಳಗಿಳಿಯಿತು. "ಐವತ್ತೆರಡು. ಐವತ್ತಮೂರು. ನಿನ್ನೆ ಐವತ್ತನಾಲ್ಕೂವರೆ." ಅವರು ಅರ್ಜಿಯನ್ನು ನೋಡಿದರು. ಆಮೇಲೆ ಅವನ ಅಂಗಿಯ ಗುಂಡಿಗಳನ್ನು ನೋಡಿದರು.

ಜಯಪ್ರಕಾಶ ಹೊಟ್ಟೆ ಒಳಗೆಳೆದುಕೊಂಡ.

"ನನಗೂ ಬೇಜಾರೇ," ಎಂದರು ಮೇಡಂ. "ಆದರೆ ಪ್ರತಿ ಸಾಲಿಗೂ ಸಹಿ ಹಾಕಿದ್ದೀರಲ್ಲ. ಇದನ್ನು ನೋಡಿಯೂ ಫೈಲಿನಲ್ಲಿ ಸುಳ್ಳು ಬರೆಯಲಾರೆ." ಬರೆದೇಬಿಟ್ಟರು: 'ಅರ್ಜಿದಾರರಿಗೆ ಇಲ್ಲಿಯ ನೀರು, ಊಟ ಎರಡೂ ಒಗ್ಗಿವೆ. ಆಧಾರ: ಅವರದೇ ಸಹಿಯುಳ್ಳ ಪಟ್ಟಿ, ಪುಟ ಒಂದು.'

ಸಂಜೆ ಮನೆಯ ಮೆಟ್ಟಿಲ ಮೇಲೆ ಕೂತಿದ್ದಾಗ ಫೋನಿಗೊಂದು ಫೋಟೋ ಬಂತು. ಪಾಪ್ಪಚ್ಚನ್ ಮೂತಿಯವರೆಗೂ ಹುಲ್ಲಿನಲ್ಲಿ ಮುಳುಗಿತ್ತು. ಕಾಯಿಲೆಯ ಗುರುತೂ ಇರಲಿಲ್ಲ. ಜಯಪ್ರಕಾಶನಿಗೆ ನಗು ಬಂತು. ಏನೇ ಹೋಗಲಿ, ಜೀವ ಒಂದು ಉಳಿಯಿತು. ನಕ್ಕ ಮೇಲೆ ಹಸಿವಾಯಿತು. ಕೆಳಗಿನ ಮನೆಯಿಂದ ಪಳಂಪೊರಿಯ ಘಮ ಬರುತ್ತಿತ್ತು. ಕಾದ. ತಟ್ಟೆ ಬರಲಿಲ್ಲ.

ಕೊನೆಗೆ ನಾಚಿಕೆ ಬಿಟ್ಟು ಬಾಗಿಲಲ್ಲಿ ಇಣುಕಿದ. "ಚೇಚೀ, ಇವತ್ತು ತಟ್ಟೆ..."

"ಪಾಪ್ಪಚ್ಚನ್ ಮನೆಗೆ ಹೋದನಲ್ಲ ಮೋನೇ. ಇನ್ನು ಯಾರಿಗೆ ಕೊಡಲಿ?" ಪಂಕಜಾ ಚೇಚಿ ನಿಟ್ಟುಸಿರು ಬಿಟ್ಟರು. "ನಿನಗಂತೂ ನಮ್ಮ ಊಟ ಸೇರುವುದಿಲ್ಲ."

ಜಯಪ್ರಕಾಶ ಮೇಲೆ ಹೋಗಿ ಬ್ರೆಡ್ಡಿನ ಪ್ಯಾಕೆಟ್ ಬಿಚ್ಚಿದ. ಒಂದು ತುಂಡು ಬಾಯಿಗಿಟ್ಟುಕೊಂಡು ಮಂಜೇಶ್ವರಕ್ಕೆ ಫೋನ್ ಮಾಡಿದ.

"ತೇಜೂ, ಈ ಸಲ ಆಗಲಿಲ್ಲ. ಬರುವ ವರ್ಷ ಖಂಡಿತ ಆಗ್ತದೆ. ತೂಕ ಇಳಿಲಿಕ್ಕೆ ಇವತ್ತಿಂದಲೇ ಶುರು."