ಉದ್ಘಾಟನೆಗೆ ಮೊದಲು ಮುಟ್ಟಬಾರದು

ನಮ್ಮ ವಿಶ್ವವಿದ್ಯಾಲಯದಲ್ಲಿ ಏನಾದರೂ ಸುಧಾರಣೆಯಾಗಲಿದೆ ಎಂಬ ಸುದ್ದಿ ಬಂದರೆ, ಈಗಿರುವುದನ್ನು ಅದೇ ದಿನ ಬಳಸಿಕೊಳ್ಳುವುದು ಒಳ್ಳೆಯದು. ನಾಳೆಯಿಂದ ಅದೂ ಇರುವುದಿಲ್ಲ. ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯ ಬದಿಗೆ ನಮ್ಮ ಕಟ್ಟಡ. ಅಲ್ಲಿ ನಾನು ಇತಿಹಾಸ ಪಾಠ ಮಾಡುತ್ತೇನೆ. ಕಾಲುವೆಗೆ ನೀರು ಬಂದರೂ ಬರದಿದ್ದರೂ ಇಂಥ ಪ್ರಸಂಗಗಳ ಫಸಲು ಮಾತ್ರ ತಪ್ಪಿದ್ದಿಲ್ಲ.

ಸ್ವಿಚ್ಚು

ಒಂದು ವಿಚಾರ ಸಂಕಿರಣದಲ್ಲಿ ಪ್ರೊಜೆಕ್ಟರ್ ಹತ್ತಲಿಲ್ಲ. ಗಣಕ ವಿಜ್ಞಾನದ ಅಧ್ಯಾಪಕರೆಲ್ಲ ಅದರ ಸುತ್ತ ನಿಂತು ತಂತಮ್ಮ ಅಭಿಪ್ರಾಯ ಮಂಡಿಸುತ್ತಿದ್ದರು. ನಾನು ಹೋಗಿ ಗೋಡೆಯ ಸ್ವಿಚ್ಚು ಹಾಕಿದೆ. ಹತ್ತಿತು.

ಮುಂದಿನ ವಾರ ಆದೇಶ ಬಂತು. ನಾನು ‘ಜಾಲತಾಣ ಸೇವೆ ಹಾಗೂ ತಂತ್ರಜ್ಞಾನ ಮೂಲಸೌಕರ್ಯ ಸುಧಾರಣಾ ಸಮಿತಿ’ಯ ಸಂಚಾಲಕ.

ಕುಲಸಚಿವರ ಕೋಣೆಗೆ ಹೋಗಿ, “ಸರ, ನಂದು ಇತಿಹಾಸರಿ” ಎಂದೆ.

“ಗೊತ್ತದರಿ. ನಮ್ಮ ಜಾಲತಾಣಾನೂ ಇತಿಹಾಸನ ಆಗ್ಯದ. ಹಿಂದಿನ ಕುಲಪತಿಗಳು ರಿಟೈರ್ ಆಗಿ ಊರು ಸೇರ್ಯಾರ, ಅದರಾಗ ಇನ್ನೂ ಹೊಸ ವರ್ಷದ ಶುಭಾಶಯ ಹೇಳಾಕತ್ತಾರ.”

ಕಿಟಕಿ

ನಮ್ಮ ಯೋಜನೆಯ ಮೊದಲ ಅಂಶ, ಪದವಿ ಪ್ರಮಾಣಪತ್ರಗಳನ್ನು ಆನ್‌ಲೈನಿನಲ್ಲಿ ಕೊಡುವುದು. ಕುಲಸಚಿವರಿಗೆ ಇದು ಎಷ್ಟು ಹಿಡಿಸಿತೆಂದರೆ, ಯೋಜನೆಗೆ ಒಪ್ಪಿಗೆ ಸಿಕ್ಕ ದಿನವೇ ಪ್ರಮಾಣಪತ್ರ ಕೊಡುವ ಕಿಟಕಿಗೆ ಪ್ಲೈವುಡ್ ಬಡಿಸಿ, ಅದರ ಮೇಲೆ ‘ಈ ಸೇವೆ ಈಗ ಆನ್‌ಲೈನ್’ ಎಂದು ಬಣ್ಣದಲ್ಲಿ ಬರೆಸಿದರು.

“ಸರ, ಆನ್‌ಲೈನ್ ಇನ್ನೂ ಕಟ್ಟೇ ಇಲ್ಲರಿ” ಎಂದೆ.

“ಬರತದ ತಗೋರಿ. ಹಳೇದು ಇರೂತನಕ ಹೊಸದಕ್ಕ ಬರಾಕ ಮನಸಾಗಂಗಿಲ್ಲ.”

ಆ ಪ್ಲೈವುಡ್ ಎದುರಿಗೆ ಒಂದು ದಿನ ನನ್ನ ಹಳೆಯ ವಿದ್ಯಾರ್ಥಿನಿ ನಿಂತಿದ್ದಳು. ಸೈದಾಪುರದವಳು. ಎಂ.ಎ. ಮುಗಿಸಿ ಕಡೇಚೂರಿನ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದಾಳೆ. ಹಾಸ್ಟೆಲ್ ವಾರ್ಡನ್ ಕೆಲಸದ ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದಿದೆ. ಮುಂದಿನ ತಿಂಗಳು ಒಂದು ಸೋಮವಾರ ಯಾದಗಿರಿಯಲ್ಲಿ ದಾಖಲೆ ಪರಿಶೀಲನೆ. ಪದವಿ ಪ್ರಮಾಣಪತ್ರ ಇದ್ದರೆ ಕೆಲಸ ಅವಳದು. ಇಲ್ಲದಿದ್ದರೆ ಅವಳ ಕೆಳಗಿನ ಹೆಸರಿನವಳದು.

ಅವಳು ಬೋರ್ಡು ಓದಿದಳು. ಪ್ಲೈವುಡ್ಡಿಗೆ ಬೆರಳಿಂದ ಬಡಿದಳು.

“ಸರ, ಆನ್‌ಲೈನ್‌ದವ್ರು ಇದರ ಹಿಂದ ಕುಂತಾರೇನ್ರಿ?”

“ಇಲ್ಲವಾ. ಇನ್ನೂ ಎಲ್ಲೂ ಕುಂತಿಲ್ಲ.”

“ಮತ್ತ ಬೋರ್ಡ್ ಬರದವ್ರು ಯಾರು?”

“ಕಿಟಕಿ ಮುಚ್ಚಿದವ್ರು.”

“ಪಾಪ, ಒಬ್ರಾರ ಕೆಲಸ ಮಾಡ್ಯಾರ” ಎಂದು ನನ್ನ ಮೊಬೈಲ್ ನಂಬರ್ ಬರೆದುಕೊಂಡು ಬಸ್ಸಿಗೆ ಹೋದಳು. ಆನ್‌ಲೈನ್ ಬರುವವರೆಗೆ ಸಹಾಯವಾಣಿ ನಾನೇ ಎಂದು ಆಗ ತಿಳಿಯಿತು.

ಮುಖಪುಟ

ನಮ್ಮ ಕುಲಪತಿಗಳು ಮೈಸೂರು ಕಡೆಯವರು. ಇಲ್ಲಿಯವರು ಊಟಕ್ಕೆ ಕರೆದರೂ ಅವರಿಗೆ ಜಗಳಕ್ಕೆ ಕರೆದಂತೆ ಕೇಳಿಸುತ್ತದೆ. ಜಾಲತಾಣದ ಮುಖಪುಟದಲ್ಲಿ ಯಾರ ಫೋಟೊ ಎಲ್ಲಿ ಬರಬೇಕೆಂಬ ಸಭೆಯಲ್ಲಿ ಮಾತ್ರ ಅವರಿಗೆ ಕೇಳಿಸಿದ್ದು ನಿಜವಾದ ಜಗಳ.

ಕುಲಪತಿಗಳದು ನಡುವೆ, ಸರಿ. ಕುಲಸಚಿವರದು ಬಲಕ್ಕೆ. ಪರೀಕ್ಷೆಯ ಕುಲಸಚಿವರು, “ಹಂಗಾರ ನಾ ಎಡಕ್ಕೇನು?” ಎಂದು ಎದ್ದರು. ಡೀನ್‌ಗಳು ಹಿರಿತನದ ಪ್ರಶ್ನೆ ಎತ್ತಿದರು. ಸಭೆ ಮುಗಿಯುವ ಹೊತ್ತಿಗೆ ಮುಖಪುಟವು ಶಹಾಪುರ ಬಸ್ ನಿಲ್ದಾಣದೆದುರಿನ ಹುಟ್ಟುಹಬ್ಬದ ಫ್ಲೆಕ್ಸ್‌ನಂತಾಗಿತ್ತು. ಕೇಕ್ ಒಂದೇ ಕಡಿಮೆ.

ಜಾಲತಾಣ ಕಟ್ಟಲು ಕಲಬುರಗಿಯಿಂದ ಬಂದಿದ್ದ ಕಂಪನಿಯ ಎಂಜಿನಿಯರ್ ಮೆಲ್ಲಗೆ ಕೇಳಿದ: “ಸರ್, ವಿದ್ಯಾರ್ಥಿಗಳು ಒತ್ತೋ ಬಟನ್ ಎಲ್ಲಿಡಲಿ?”

ಉಳಿದಿದ್ದ ಜಾಗ ಹಣಕಾಸು ಅಧಿಕಾರಿಗಳ ಫೋಟೊದ ಕೆಳಭಾಗ. ಅವರು ಒಪ್ಪಲಿಲ್ಲ. “ಬ್ಯಾಡ್ರಿ. ಇಡೀ ಜಿಲ್ಲಾದ ಹುಡುಗ್ರು ಬಂದು ನನ್ನ ಹೊಟ್ಟಿ ಒತ್ತತಾರ.”

ಬಟನ್ ಅಲ್ಲಿಯೇ ಬಂತು. ಬೇರೆ ಯಾರೂ ಹೊಟ್ಟೆ ಕೊಡಲಿಲ್ಲ.

ಸಂಜೆ ಸೈದಾಪುರದವಳ ಫೋನು. “ಎಲ್ಲಿಗೆ ಬಂತ್ರಿ ಸರ?”

“ಫೋಟೊ ಮುಗದಾವ.”

“ನಂದೂ ಒಂದು ಕಳಿಸ್ಲೇನ್ರಿ? ಹಂಗಾರ ಒಳಗ ಬರತೀನೇನೊ ನೋಡ್ತೀನಿ.”

ತಂಪು ಕೋಣೆ

ಸರ್ವರ್ ಬಂತು. ಅದಕ್ಕೆಂದು ಒಂದು ಕೋಣೆ, ಕೋಣೆಗೆ ಎಸಿ. ನಮ್ಮ ಕಟ್ಟಡದಲ್ಲಿ ಅದೊಂದೇ ಎಸಿ. ತಿಂಗಳು ಮೇ.

ಮೊದಲ ದಿನ ಚಪ್ಪಲಿ ಹೊರಗೆ ಬಿಟ್ಟು, ಸರ್ವರ್‌ಗೆ ಕೈಮುಗಿದು ಎಲ್ಲರೂ ಹೊರಬಂದರು. ಎರಡನೇ ದಿನ ಲೆಕ್ಕಪತ್ರದ ಅಕ್ಕೋರು ತಮ್ಮ ಮೊಸರಿನ ಡಬ್ಬಿ ಇಟ್ಟುಹೋದರು. ಆಮೇಲೆ ಒಬ್ಬೊಬ್ಬರೇ ಫೈಲು ಹಿಡಿದು ಬರತೊಡಗಿದರು. ಫೈಲು ತೆರೆದದ್ದನ್ನು ನಾನು ಕಾಣಲಿಲ್ಲ. ರಾಜ್ಯಶಾಸ್ತ್ರದ ಹಿರಿಯರು ಊಟದ ನಂತರ ಅಲ್ಲಿಯೇ ಕಣ್ಣುಮುಚ್ಚಿ ಸಂವಿಧಾನದ ಬಗ್ಗೆ ಚಿಂತಿಸುತ್ತಿದ್ದರು. ಗೊರಕೆ ಕೇಳುತ್ತಿತ್ತು.

ಕುರ್ಚಿಗಳಿಗೆ ಜಾಗ ಸಾಲದಾಯಿತು. ಕುಲಸಚಿವರು ಸುತ್ತ ನೋಡಿ, “ಈ ಡಬ್ಬಿ ಒಂದು ಭಾಳ ಜಾಗ ತಿಂತದ” ಎಂದರು. ಡಬ್ಬಿ ಅಂದರೆ ಸರ್ವರ್. ಅದನ್ನು ಪಡಸಾಲೆಗೆ ಸಾಗಿಸಿ, ದಯೆಯಿಂದ ಒಂದು ಟೇಬಲ್ ಫ್ಯಾನ್ ಇಟ್ಟರು. ಮಧ್ಯಾಹ್ನದ ಹೊತ್ತಿಗೆ ಅದು ಕೆಟ್ಟು ಕೂತಿತು. ಕೆಲಸವೂ ಕೂತಿತು.

ಎಂಜಿನಿಯರ್ ಕಲಬುರಗಿಯಿಂದ ಫೋನ್ ಮಾಡಿದ. “ಸರ್ವರ್ ಎಲ್ಲಿದೆ ಸರ್?”

“ಹೊರಗೆ, ಬಿಸಿಲಲ್ಲಿ.”

“ಒಳಗೆ ಯಾರಿದ್ದಾರೆ?”

“ಸಮಿತಿ. ಸರ್ವರ್ ಯಾಕೆ ಬಿಸಿಯಾಗುತ್ತದೆ ಎಂದು ಚರ್ಚಿಸುತ್ತಿದ್ದೇವೆ. ರಾಜ್ಯಶಾಸ್ತ್ರದವರು ಚಳಿಗೆ ಶಾಲು ತರಿಸಿಕೊಂಡಿದ್ದಾರೆ.”

ಫಲಕ

ಸರ್ವರ್ ರಿಪೇರಿಯಾಗಿ ಒಳಗೆ ಹೋಯಿತು, ಸಮಿತಿ ಹೊರಗೆ ಬಂತು, ಕೊನೆಗೂ ಜಾಲತಾಣ ಸಿದ್ಧವಾಯಿತು. ಸೈದಾಪುರದವಳಿಗೆ ಪ್ರಮಾಣಪತ್ರ ಕೊಡೋಣವೆಂದರೆ ಕುಲಸಚಿವರು ತಡೆದರು. “ಉದ್ಘಾಟನೆ ಆಗಿಲ್ಲಲ್ರಿ! ನೈವೇದ್ಯಕ್ಕ ಮೊದಲ ಯಾರಾರ ಉಣ್ತಾರೇನು?” ಮಂತ್ರಿಗಳು ಬಂದು ಬಟನ್ ಒತ್ತುವ ತನಕ ಯಾರೂ ಮುಟ್ಟಬಾರದು.

ಅವಳಿಗೆ ಹಾಗೆಯೇ ಹೇಳಿದೆ.

“ಆ ದೇವರು ಯಾವಾಗ ಬರತಾನಂತ್ರಿ?”

“ದಿನಾಂಕ ಕೊಟ್ಟಿಲ್ಲವಾ.”

“ನಮ್ಮ ತಿಂಥಣಿ ಗುಡಿಯಾಗ ಮೌನಪ್ಪ ದಿನಾ ಸಿಗತಾನ್ರಿ. ಡೇಟ್ ಕೇಳಂಗಿಲ್ಲ.”

ಇತ್ತ ಕುಲಪತಿಗಳಿಗೆ ಬೇರೆಯೇ ಚಿಂತೆ. ನಮ್ಮ ಗ್ರಂಥಾಲಯದ ಗೋಡೆಯಲ್ಲಿ ಹಿಂದಿನವರ ಹೆಸರಿನ ಉದ್ಘಾಟನೆಯ ಕಲ್ಲು ಇತ್ತು. ಅದನ್ನು ಕೀಳಿಸಿ ತಮ್ಮ ಹೆಸರಿನದು ಹಾಕಿಸಿದವರು ಇವರೇ. ಆದ್ದರಿಂದ ಮುಂದಿನವರು ಏನು ಮಾಡುತ್ತಾರೆಂದು ಇವರಿಗೆ ಚೆನ್ನಾಗಿ ಗೊತ್ತು.

“ಜಾಲತಾಣಕ್ಕೂ ಒಂದು ಫಲಕ ಬೇಕು. ಯಾರೂ ಕೀಳೋಕೆ ಆಗಬಾರ್ದು. ನಾನೇ ಹೇಳಿದ್ರೂ ಆಗಬಾರ್ದು” ಎಂದರು ಎಂಜಿನಿಯರ್‌ಗೆ.

ಅವನು ಮಾಡಿಕೊಟ್ಟ. ಉದ್ಘಾಟನೆಯ ಬಟನ್ ಮೊದಲು ಒತ್ತಿದವರ ಫೋಟೊವನ್ನು ಕ್ಯಾಮೆರಾ ತಾನೇ ತೆಗೆಯುತ್ತದೆ. ಅದರ ಕೆಳಗೆ ‘ಈ ಜಾಲತಾಣವನ್ನು ಉದ್ಘಾಟಿಸಿದವರು ಮಾನ್ಯ ಮಂತ್ರಿಗಳು’ ಎಂದೂ ಅದರಡಿ ಕುಲಪತಿಗಳ ಹೆಸರೂ ಮೂಡುತ್ತವೆ. ಕೂಡಲೇ ಬೀಗ. ಬದಲಿಸಬೇಕೆಂದರೆ ಇಡೀ ಜಾಲತಾಣವನ್ನೇ ಕೆಡವಬೇಕು.

“ಗ್ರಾನೈಟ್‌ಗಿಂತ ಗಟ್ಟಿ” ಎಂದು ಕುಲಪತಿಗಳು ಅವನ ಬೆನ್ನು ತಟ್ಟಿದರು. ನಾವು ಕಟ್ಟಿದ್ದರಲ್ಲಿ ಗಟ್ಟಿಯಾಗಿದ್ದದ್ದು ಅದೊಂದೇ.

ತಾಲೀಮು

ಮಂತ್ರಿಗಳು ಬರಲಿಲ್ಲ. ಸಂಪುಟ ಪುನಾರಚನೆಯ ಸುದ್ದಿ ಎದ್ದಿತ್ತು. ಖಾತೆ ಉಳಿಸಿಕೊಳ್ಳಲು ಅವರು ಬೆಂಗಳೂರು, ದಿಲ್ಲಿ ಸುತ್ತುತ್ತಿದ್ದರು. ಕಾರ್ಯಕ್ರಮ ಮುಂದಕ್ಕೆ ಹೋಗುತ್ತ ಹೋಗುತ್ತ ಒಂದು ಶನಿವಾರಕ್ಕೆ ಬಂದು ನಿಂತಿತು. ಸೈದಾಪುರದವಳ ದಾಖಲೆ ಪರಿಶೀಲನೆ ಅದರ ಮಗ್ಗುಲಿನ ಸೋಮವಾರ. ಶನಿವಾರವೂ ತಪ್ಪಿದರೆ ಅವಳ ಕೆಲಸ ಹೋಯಿತು.

ನಾನು ಶುಕ್ರವಾರ ಕುಲಸಚಿವರಿಗೆ, “ನಾಳೆ ಮಂತ್ರಿಗಳ ಮುಂದ ಮರ್ಯಾದೆ ಹೋಗಬಾರದಂದ್ರ ಇವತ್ತೊಂದು ತಾಲೀಮು ಆಗಬೇಕ್ರಿ” ಎಂದೆ. ಮರ್ಯಾದೆ ಎಂದೊಡನೆ ಒಪ್ಪಿದರು.

ಎಂಜಿನಿಯರ್‌ನನ್ನು ಪಕ್ಕಕ್ಕೆ ಕರೆದೆ. “ಸುಳ್ಳು ತಾಲೀಮು ಬೇಡ. ನಿಜವಾಗಿ ಚಾಲೂ ಮಾಡಿ. ಪ್ರಮಾಣಪತ್ರ ನಿಜವಾದದ್ದೇ ಬರಬೇಕು.”

“ಆಯ್ತು ಸರ್” ಎಂದ.

ಮಂತ್ರಿಯ ಪಾತ್ರಕ್ಕೆ ಯಾರು? ಗೇಟಿನ ವಾಚ್‌ಮನ್. ಎಲ್ಲರೂ ಚಾಚಾ ಎನ್ನುತ್ತೇವೆ, ಸುರಪುರದವರು. ಗೇಟಿನ ಬೇವಿನ ಮರದ ಕೆಳಗೆ ಕುರ್ಚಿ ಹಾಕಿ ಕೂತರೆ, ಆ ಮೀಸೆಗೆ ಹೊಸಬರು ಕುಲಪತಿಗಳೆಂದೇ ನಮಸ್ಕಾರ ಮಾಡುತ್ತಾರೆ.

“ಚಾಚಾ, ನೀವೀಗ ಮಂತ್ರಿ.”

“ಅಚ್ಛಾ. ಬಿಟ್ಟಿ ಮಂತ್ರಿನೋ, ಶಾಲು ಗೀಲು ಅದನೋ?”

ರಾಜ್ಯಶಾಸ್ತ್ರದವರ ಶಾಲು ತಂದೆವು. ನಾಳೆಯ ಹಾರವನ್ನೇ ಇವತ್ತು ಹಾಕಿದೆವು. ಚಾಚಾ ಒಂದೊಂದೇ ಹೆಜ್ಜೆ ಇಡುತ್ತ ಬಂದು, ಖಾಲಿ ಕುರ್ಚಿಗಳಿಗೆ ಕೈಬೀಸಿದರು.

“ಎರಡು ಮಾತು ಹೇಳ್ಲೇನ್ರಿ ಸಾಹೇಬ್ರ?”

“ಬ್ಯಾಡ ಚಾಚಾ, ಬಟನ್ ಒತ್ತರಿ.”

“ಮಂತ್ರಿ ಬಂದು ಮಾತಾಡದ ಹೋಗೂದು ಎಲ್ಲಿ ಕೇಳೀರಿ?” ಎನ್ನುತ್ತ ಒತ್ತಿದರು. ಕ್ಯಾಮೆರಾ ಮಿಂಚಿತು. ಅಭ್ಯಾಸ ಬಲ, ಚಾಚಾರ ಕೈ ಮೀಸೆಯ ಮೇಲಿತ್ತು.

ಕಡೇಚೂರಿನ ಕಾರ್ಖಾನೆಯಲ್ಲಿ ಸೈದಾಪುರದವಳು, ನಾನು ಹೇಳಿಟ್ಟಿದ್ದಂತೆ, ಮೊಬೈಲ್ ಹಿಡಿದು ಕಾದಿದ್ದಳು. ಹಣಕಾಸು ಅಧಿಕಾರಿಗಳ ಹೊಟ್ಟೆ ಒತ್ತಿದಳು. ಪ್ರಮಾಣಪತ್ರ ಬಂತು.

“ಬಂತ್ರಿ ಸರ! ಮಂತ್ರಿ ಬಂದಾರೇನು?”

“ಒಬ್ರು ಬಂದಾರ” ಎಂದೆ.

ಖಾತೆ

ಶನಿವಾರ ಮಂತ್ರಿಗಳು ಬಂದೇಬಿಟ್ಟರು. ನಮ್ಮ ಯೋಜನೆಯಲ್ಲಿ ಯಾರೂ ಊಹಿಸಿರದ ಅಂಶ ಅದು. ಸಭಾಂಗಣ ತುಂಬಿತ್ತು. ಭಾಷಣಗಳಾದವು. ಮಂತ್ರಿಗಳು ಬಟನ್ ಒತ್ತಿದರು. ದೊಡ್ಡ ಪರದೆಯ ಮೇಲೆ ಫಲಕ ಬೆಳಗಿತು.

ಹಾರ, ಶಾಲು, ಮೀಸೆಯ ಮೇಲೆ ಕೈ. ಕೆಳಗೆ: ‘ಈ ಜಾಲತಾಣವನ್ನು ಉದ್ಘಾಟಿಸಿದವರು ಮಾನ್ಯ ಮಂತ್ರಿಗಳು.’

ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನವರು ಎತ್ತಿದ ಕೈ ಹಾಗೆಯೇ ಇಳಿಸಿದರು. ಕುಲಪತಿಗಳು ಕುಲಸಚಿವರನ್ನು ನೋಡಿದರು, ಕುಲಸಚಿವರು ನನ್ನನ್ನು, ನಾನು ಎಂಜಿನಿಯರ್‌ನನ್ನು. ಅವನಿಗೆ ನೋಡಲು ಯಾರೂ ಉಳಿದಿರಲಿಲ್ಲ. ಫ್ಯಾನ್ ನೋಡಿದ.

ಮಂತ್ರಿಗಳ ಮುಖ ಬಿಳಿಚಿತು. ಆಪ್ತ ಸಹಾಯಕನ ಕಿವಿಗೆ ಬಾಗಿದರು. ಮೈಕು ಎದುರಿಗೇ ಇತ್ತು. ಇಡೀ ಸಭೆ ಕೇಳಿಸಿಕೊಂಡಿತು:

“ಖಾತೆ ಬದಲಿ ಆತೇನೋ? ಯಾವಾಗ ಆತು? ಯಾರೋ ಇವರು?”

ಸಹಾಯಕ ಫೋನು ಹಿಡಿದು ಹೊರಗೆ ಓಡಿದ. ಮಂತ್ರಿಗಳು ಕುರ್ಚಿಯ ತುದಿಯಲ್ಲಿ ಕೂತರು, ಅದೂ ತಮ್ಮದೋ ಅಲ್ಲವೋ ಎಂಬಂತೆ.

ವೇದಿಕೆಯ ಹಿಂದೆ ಕುಲಪತಿಗಳು ಎಂಜಿನಿಯರ್‌ನ ತೋಳು ಹಿಡಿದರು. “ತೆಗೀರಿ ಅದನ್ನ!”

“ಆಗಲ್ಲ ಸರ್. ನೀವು ಹೇಳಿದ್ರೂ ಆಗಬಾರ್ದು ಅಂತ ನೀವೇ ಹೇಳಿದ್ರಿ. ಇಡೀ ಜಾಲತಾಣ ಕೆಡವಬೇಕು. ಕೊಟ್ಟಿರೋ ಪ್ರಮಾಣಪತ್ರ ಅದರಲ್ಲೇ ಹೋಗುತ್ತೆ. ಯಾರಾದ್ರೂ ಪರಿಶೀಲಿಸಿದ್ರೆ ನಕಲಿ ಅಂತ ತೋರಿಸುತ್ತೆ.”

“ಎಷ್ಟು ಕೊಟ್ಟಿದ್ದೀವಿ?”

“ಒಂದು.”

“ಒಂದೇ ತಾನೆ? ಮಂತ್ರಿಗಳ ಕಾರು ಗೇಟು ದಾಟಲಿ, ಕೆಡವಿಬಿಡಿ.”

ಆ ಒಂದು ಸೋಮವಾರ ಯಾದಗಿರಿಗೆ ಹೋಗಬೇಕಾದದ್ದು. ನಾನು ಬಾಯಿ ತೆರೆಯುವಷ್ಟರಲ್ಲಿ ಮಂತ್ರಿಗಳು ಎದ್ದರು. ಊಟ ಬೇಡವೆಂದರು. ಬೆಂಗಳೂರಿನಲ್ಲಿ ಯಾರೂ ಫೋನ್ ಎತ್ತುತ್ತಿಲ್ಲವಂತೆ. ನಾವೆಲ್ಲ ಕಾರಿನ ಹಿಂದೆ ಗೇಟಿನವರೆಗೆ ನಡೆದೆವು.

ಚಾಚಾ ಗೇಟು ತೆರೆದು ಸಲಾಂ ಹೊಡೆದರು. ಕಾರು ನಿಂತಿತು. ಗಾಜು ಇಳಿಯಿತು. ಮಂತ್ರಿಗಳು ಆ ಮೀಸೆಯನ್ನು ನೋಡಿದರು, ಖಾಕಿಯನ್ನು ನೋಡಿದರು, ಮತ್ತೆ ಮೀಸೆಯನ್ನು ನೋಡಿದರು. ರಾಜಕೀಯದಲ್ಲಿ ಏನಿದ್ದರೂ ಇರಬಹುದು ಎಂದುಕೊಂಡರೋ ಏನೋ, ಎರಡೂ ಕೈ ಜೋಡಿಸಿದರು.

“ನಮ್ಮ ಮ್ಯಾಲ ಸ್ವಲ್ಪ ನಿಗಾ ಇರ್ಲಿರಿ.”

“ಆತು, ಹೋಗಿ ಬರ್ರಿ” ಎಂದು ಚಾಚಾ ತಾಲೀಮಿನಂತೆಯೇ ಕೈ ಎತ್ತಿದರು.

ಕಾರು ಗೇಟು ದಾಟಿತು. ಎಂಜಿನಿಯರ್, “ಕೆಡವಲಾ ಸರ್?” ಎಂದ.

ಕುಲಪತಿಗಳು ಚಾಚಾರನ್ನೇ ನೋಡುತ್ತಿದ್ದರು. “ಮಂತ್ರಿಗಳು ಯಾಕ್ರೀ ಕೈ ಮುಗಿದ್ರು?” ಎಂದು ನನ್ನನ್ನು ಕೇಳಿದರು.

“ಗೊತ್ತಿಲ್ಲ ಸರ್. ಗೊತ್ತಾಗುವ ತನಕ ಕೆಡವದಿರುವುದು ಕ್ಷೇಮ.”

“ಯಾರ ಕಡೆಯವರು ಇವರು? ವಿಚಾರಿಸಿ... ಬೇಡ, ವಿಚಾರಿಸಬೇಡಿ. ಇರಲಿ ಬಿಡಿ.”

ಸೋಮವಾರ ಮಧ್ಯಾಹ್ನ ಯಾದಗಿರಿಯಿಂದ ಫೋನು. “ಆತ್ರಿ ಸರ! ಕೆಲಸ ಖಾತ್ರಿ ಆತು.”

“ಏನೂ ತಕರಾರು ತಗೀಲಿಲ್ಲೇನವಾ?”

“ಒಂದ ಕೇಳಿದ್ರರಿ. ನಮ್ಮ ಜಾಲತಾಣ ತೆರೆದು ನೋಡಿ, ಇವ್ರು ಯಾವ ಮಂತ್ರಿ ಅಂದ್ರು. ಹೊಸಬ್ರು ಬಂದಾರರಿ ಅಂದೆ. ಹೌದಲ್ಲ, ಬದಲಿ ಅಂತ ಕೇಳಿದ್ದೆ ಅಂದು ಸಹಿ ಮಾಡಿದ್ರು.”

ಈ ಸುದ್ದಿ ಹೇಳಲು ಗೇಟಿಗೆ ಹೋದೆ. ಚಾಚಾ ಬೇವಿನ ಕೆಳಗೆ ಕೂತು ಎಲ್ಲ ಕೇಳಿಸಿಕೊಂಡರು. ಮೀಸೆ ತಿರುವಿದರು.

“ಹಂಗಾರ ನನ್ನ ಖಾತೆ ಯಾವುದ್ರಿ ಸಾಹೇಬ್ರ?”

“ಗೇಟು.”

“ಅದನ್ನ ಬದಲಿ ಮಾಡಿಸಬ್ಯಾಡ್ರಿ ಮತ್ತ” ಎಂದರು. “ಇಲ್ಲಿ ನೆರಳದ.”